ಮೀನಕ್ಕನ ಕಿವಿ

"ನೀವು ಇವತ್ತು ನೀರಿಗೆ ಇಳಿಯೋದು ಬೇಡ."

ಬೆನ್ನಿಗೆ ಸಿಲಿಂಡರ್ ಬಿಗಿದುಕೊಂಡು, ಒಂದು ಕಾಲು ಏಣಿಯ ಮೇಲಿಟ್ಟಿದ್ದ ಮೀನಕ್ಕ ಗಕ್ಕನೆ ನಿಂತಳು. ಯಾರೋ ಹಿಂದಿನಿಂದ ಅವಳ ಸಿಲಿಂಡರಿನ ಪಟ್ಟಿ ಹಿಡಿದುಕೊಂಡಿದ್ದರು.

ತಿರುಗಿ ನೋಡಿದರೆ, ಮೇಷ್ಟ್ರು.

ಅವನು ಆ ಅಕ್ವೇರಿಯಂಗೆ ಬಂದು ಇನ್ನೂ ವಾರವಾಗಿರಲಿಲ್ಲ. ಡೈವಿಂಗ್ ಸಾಮಾನಿನ ಕೋಣೆ ನೋಡಿಕೊಳ್ಳುವ ಕೆಲಸ. ಮೊದಲು ಸಮುದ್ರದಲ್ಲಿ ಡೈವಿಂಗ್ ಕಲಿಸುತ್ತಿದ್ದನಂತೆ. ಹಾಗಾಗಿ ಬಂದ ದಿನವೇ ಎಲ್ಲರ ಬಾಯಲ್ಲೂ ಮೇಷ್ಟ್ರಾಗಿಬಿಟ್ಟಿದ್ದ. ನಲವತ್ತು ದಾಟಿದ ವಯಸ್ಸು, ಬಿಸಿಲಿಗೆ ಸುಟ್ಟ ಮುಖ, ಅಳೆದು ತೂಗಿ ಆಡುವ ಮಾತು.

"ಬೇಡ ಅಂತ ಯಾರು ಹೇಳಿದ್ದು?" ಅಂದಳು ಮೀನಕ್ಕ.

"ನಿಮ್ಮ ಕಿವಿ."

"ನನ್ನ ಕಿವಿ ನಿಮ್ಮ ಹತ್ರ ಬಂದು ಚಾಡಿ ಹೇಳ್ತಾ?"

ಅವನು ನಗಲಿಲ್ಲ. "ಬೆಳಿಗ್ಗೆಯಿಂದ ಯಾರು ಮಾತಾಡಿಸಿದ್ರೂ ಬಲಗಿವೀನೇ ಕೊಡ್ತಿದೀರಿ. ಎಡಗಡೆ ಕೂದಲು ಸರಿಸೋವಾಗ ಹಲ್ಲು ಕಚ್ಚಿದ್ರಿ. ಒಳಗೆ ಕೀವಾಗಿದೆ ಅಲ್ವಾ?"

ಅವಳ ಮುಖ ಕೆಂಪಾಯಿತು. ಆ ವಿಷಯ ಅವಳು ಮನೆಯಲ್ಲಿ ಅಕ್ಕನಿಗೂ ಹೇಳಿರಲಿಲ್ಲ. ಬಂದು ನಾಲ್ಕು ದಿನವಾಗದ ಮನುಷ್ಯ ಎಲ್ಲರೆದುರು ಹೇಳುತ್ತಿದ್ದಾನೆ...

"ಪಟ್ಟಿ ಬಿಡಿ. ಕೆಳಗೆ ಮಕ್ಕಳು ಕಾಯ್ತಿದಾರೆ."

"ಕಾಯಲಿ. ಕಾದ್ರೆ ಮಕ್ಕಳಿಗೇನೂ ಆಗಲ್ಲ."

ಅವಳು ಪಟ್ಟಿ ಕಿತ್ತುಕೊಂಡು ನೀರಿಗೆ ಇಳಿದೇಬಿಟ್ಟಳು.

ಮೂರಾಳು ಆಳದ ದೊಡ್ಡ ಗಾಜಿನ ತೊಟ್ಟಿ ಅದು. ಗಾಜಿನ ಮೇಲೆ ಕಟ್ಟುವ ಪಾಚಿ ಉಜ್ಜುವುದು, ತಳದ ಮರಳು ಶುಚಿ ಮಾಡುವುದು, ನೋಡಲು ಬಂದ ಮಕ್ಕಳೆದುರು ಮೀನುಗಳಿಗೆ ಕೈಯಾರೆ ಆಹಾರ ಕೊಡುವುದು ಅವಳ ಕೆಲಸ. ದಿನಕ್ಕೆ ನಾಲ್ಕು ಸಲ ಇಳಿಯಬೇಕು, ವರ್ಷಗಳಿಂದ ಇಳಿಯುತ್ತಲೇ ಇದ್ದಾಳೆ. ಗಾಜಿನಾಚೆ ನಿಂತ ಮಕ್ಕಳು ಇಟ್ಟ ಹೆಸರೇ ಮೀನಕ್ಕ. ಈಗ ಮ್ಯಾನೇಜರಿಗೂ, ಕಾವಲುಗಾರನಿಗೂ ಅವಳು ಮೀನಕ್ಕನೇ.

ಆ ದಿನ ಒಂದಾಳು ಆಳಕ್ಕೆ ಇಳಿಯುವಷ್ಟರಲ್ಲೇ ಎಡಗಿವಿಯೊಳಗೆ ಯಾರೋ ದಬ್ಬಳ ತಿರುವಿದಂತಾಯಿತು. ಕಿವಿಯ ಒತ್ತಡ ಬಿಡಿಸಲು ಅವಳು ಮೂಗು ಹಿಡಿದು ಊದಿದಳು. ಕಿವಿ ಬಿಡಲಿಲ್ಲ. ಮತ್ತೆ ಜೋರಾಗಿ ಊದಿದಳು. ಮೇಲೆ ಅವನು ನೋಡುತ್ತಿರುತ್ತಾನೆ, ಸೋಲಬಾರದು. ಹಟಕ್ಕೆ ಬಿದ್ದು ಇನ್ನಷ್ಟು ಕೆಳಗೆ ಹೋದಳು...

ಮಾಸ್ಕಿನೊಳಗೆ ಬೆಚ್ಚಗೆ ಏನೋ ಇಳಿಯಿತು. ಕಣ್ಣೆದುರಿನ ನೀರು ಕೆಂಪಾಗಿ ಕಂಡಿತು.

ಗಾಜಿನಾಚೆ ಒಂದು ಮಗು ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿಕೊಂಡಿತು.

ಅವಳು ಮೇಲೆ ಬಂದಾಗ ಮೇಷ್ಟ್ರು "ನಾನು ಹೇಳಿರಲಿಲ್ವಾ" ಅನ್ನಲಿಲ್ಲ. ಟವಲ್ ಕೊಟ್ಟ. ಮೂಗಿನ ರಕ್ತ ಒರೆಸಿಕೊಳ್ಳುವವರೆಗೂ ಬೇರೆ ಕಡೆ ನೋಡುತ್ತ ನಿಂತ. ಆಮೇಲೆ ಸೀದಾ ಮ್ಯಾನೇಜರ ಕೋಣೆಗೆ ಹೋದ.

ಸಂಜೆಯೊಳಗೆ ಹುಕುಂ ಬಂತು. ಕಿವಿ ವಾಸಿಯಾಗುವವರೆಗೆ ಮೀನಕ್ಕ ಟಿಕೆಟ್ ಕೌಂಟರಿನಲ್ಲಿ ಕೂರಬೇಕು.

*

"ಒಳಗೆ ರಕ್ತ ಕಟ್ಟಿದೆ. ಹೊರಗಡೆ ಬೇರೆ ಸೋಂಕು," ಅಂದರು ಕಿವಿ ಡಾಕ್ಟರಮ್ಮ. "ಈ ಕಿವಿ ಒಣಗೋಕೆ ನೀವು ಪುರುಸೊತ್ತೇ ಕೊಟ್ಟಿಲ್ಲ. ದಿನಕ್ಕೆ ನಾಲ್ಕು ಸಲ ನೆನೆದ್ರೆ ಗೋಡೆ ಕೂಡ ಉದುರುತ್ತೆ."

"ಕಿವಿಗೆ ರಬ್ಬರ್ ಬಿರಡೆ ಹಾಕ್ಕೊಂಡು ಇಳಿಯಬಹುದಾ ಡಾಕ್ಟ್ರೇ?"

"ಅಪ್ಪಿತಪ್ಪಿಯೂ ಬೇಡ. ನೀರಿನ ಒತ್ತಡ ಬಿರಡೇನೇ ಒಳಗೆ ನೂಕುತ್ತೆ. ಕಿವಿಯ ತಮಟೆ ಹರಿದುಹೋಗುತ್ತೆ." ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಸ್ವಲ್ಪ ದಿನ ಸುಮ್ನಿರಿ. ನಿಮ್ಮ ಮುಖ ನೋಡಿದ್ರೆ ಕಿವಿಗೊಂದೇ ಅಲ್ಲ, ನಿಮಗೂ ರಜೆ ಬೇಕು."

ರಜೆ.

ಅವಳಿಗೆ ನಗು ಬಂತು. ಅವಳು ಇರುವುದು ಅಕ್ಕನ ಮನೆಯಲ್ಲಿ. ಬೆಳಿಗ್ಗೆ ಎದ್ದರೆ ಅಡುಗೆ ಅವಳದ್ದು, ಸಂಜೆ ಬಂದರೆ ಅಕ್ಕ ಹೊಲಿದಿಟ್ಟ ಬಟ್ಟೆಗಳಿಗೆ ಗುಂಡಿ ಹಾಕುವುದು ಅವಳದ್ದು. ಭಾವ ಒಳ್ಳೆಯವರು, ಆದರೆ ಟಿವಿ ಜೋರಾಗಿ ಹಾಕುತ್ತಿದ್ದರು. ಅಕ್ಕ ಅದಕ್ಕಿಂತ ಒಳ್ಳೆಯವಳು, ಆದರೆ ಹೊಲಿಗೆ ಮೆಷಿನ್ ತುಳಿಯುತ್ತಲೇ ಮಾತಾಡುತ್ತಿದ್ದಳು. ಒಮ್ಮೆ ಮಾತುಕತೆಯವರೆಗೆ ಬಂದ ಮದುವೆ, 'ಹುಡುಗಿ ನೀರಿಗಿಳಿದು ಜನರೆದುರು ಕೆಲಸ ಮಾಡ್ತಾಳಂತೆ' ಎಂದು ಮುರಿದುಬಿದ್ದ ಮೇಲೆ ಇನ್ನೊಬ್ಬರೆದುರು ಸಿಂಗರಿಸಿಕೊಂಡು ಕೂರುವ ಚೈತನ್ಯ ಅವಳಲ್ಲಿ ಉಳಿದಿರಲಿಲ್ಲ.

ದಣಿವು ಅಂದರೆ ಒಂದು ನಿದ್ದೆಯಲ್ಲಿ ಹೋಗುವ ದಣಿವಲ್ಲ. ಎಲುಬಿನೊಳಗೇ ಮನೆ ಮಾಡಿಕೊಂಡದ್ದು.

ಅದು ಇಳಿಯುತ್ತಿದ್ದುದು ಆ ತೊಟ್ಟಿಯೊಳಗೆ ಮಾತ್ರ. ಅಲ್ಲಿ ಯಾರೂ ಅವಳನ್ನು ಕರೆಯುತ್ತಿರಲಿಲ್ಲ, ಏನೂ ಕೇಳುತ್ತಿರಲಿಲ್ಲ. ತನ್ನದೇ ಉಸಿರಿನ ಸದ್ದು, ಮೈಗೆ ತಾಗಿಯೂ ತಾಗದಂತೆ ಹಾಯುವ ಮೀನುಗಳು. ಆ ಹೊತ್ತಿಗಾಗಿಯೇ ಅವಳು ಉಳಿದ ದಿನವನ್ನೆಲ್ಲ ಹೊರುತ್ತಿದ್ದಳು.

'ಅದನ್ನೇ ಕಿತ್ತುಕೊಂಡನಲ್ಲ...' ಅಂದುಕೊಂಡಳು, ಡಾಕ್ಟರಮ್ಮ ಕೊಟ್ಟ ಔಷಧಿ ಹಿಡಿದು ಬೀದಿಗಿಳಿಯುತ್ತ.

*

ಕೌಂಟರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಬರೀ ಮಾತು. ಎಷ್ಟು ಜನ, ಶೌಚಾಲಯ ಎಲ್ಲಿದೆ, ಮಗು ಚಿಕ್ಕದು ಕಣಮ್ಮ ಅದಕ್ಕೂ ಟಿಕೆಟ್ಟಾ...

ದಿನವೂ ಒಮ್ಮೆ ಮೇಷ್ಟ್ರು ಬಂದು ಕಿಟಕಿಯೆದುರು ನಿಲ್ಲುತ್ತಿದ್ದ.

"ಕಿವಿ ಹೇಗಿದೆ?"

"ಟಿಕೆಟ್ ಬೇಕಾ?"

"ಬೇಡ."

"ಹಾಗಾದ್ರೆ ಸ್ವಲ್ಪ ಸರಿದು ನಿಲ್ಲಿ. ಹಿಂದೆ ಜನ ಇದ್ದಾರೆ."

ಅವನು ಸರಿದು ನಿಲ್ಲುತ್ತಿದ್ದ, ಆಮೇಲೆ ಹೊರಟುಹೋಗುತ್ತಿದ್ದ. ಮರುದಿನ ಮತ್ತೆ ಬರುತ್ತಿದ್ದ.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವಳು ತಡೆಯಲಾಗದೆ ತೊಟ್ಟಿಯ ಬಳಿ ಹೋದಳು. ಒಳಗೆ ಯಾರೋ ಮೀನುಗಳಿಗೆ ಆಹಾರ ಕೊಡುತ್ತಿದ್ದರು. ಎರಡೂ ಕಿವಿಗಳ ಮೇಲೆ ಕಪ್ಪು ರಬ್ಬರ್ ಬಟ್ಟಲುಗಳಿದ್ದ ವಿಚಿತ್ರ ಮಾಸ್ಕು. ಗಾಜಿನಾಚೆಯ ಮಕ್ಕಳು "ಹೆಡ್‌ಫೋನ್ ಮಾಮ, ಹೆಡ್‌ಫೋನ್ ಮಾಮ" ಎಂದು ನಗುತ್ತಿದ್ದರು.

ಅವನು ತಿರುಗಿದಾಗ ಮುಖ ಕಂಡಿತು.

ಮೇಷ್ಟ್ರು.

ಹೀಗಾ ವಿಷಯ. ಕಿವಿ ಹೇಗಿದೆ ಎಂದು ದಿನಾ ಕೇಳುವುದು ಇದಕ್ಕಾ...

ಅವನು ಬಟ್ಟೆ ಬದಲಾಯಿಸಿ ಸಾಮಾನಿನ ಕೋಣೆಗೆ ಬರುವಷ್ಟರಲ್ಲಿ ಅವಳು ಅಲ್ಲಿ ನಿಂತಿದ್ದಳು. ಉದ್ದಕ್ಕೂ ತೂಗುಹಾಕಿದ ಒದ್ದೆ ಸೂಟುಗಳು, ಸಾಲಾಗಿ ನಿಲ್ಲಿಸಿದ ಸಿಲಿಂಡರುಗಳು, ರಬ್ಬರಿನ ವಾಸನೆ.

"ನನ್ನ ಜಾಗ ಹಿಡಿಯೋಕೆ ತಾನೇ ನನ್ನ ಮೇಲೆ ದೂರು ಹೇಳಿದ್ದು?"

ಅವನು ತಲೆ ಒರೆಸುತ್ತಿದ್ದ ಟವಲನ್ನು ಕೆಳಗಿಳಿಸಿದ. ಆಮೇಲೆ ಕಪಾಟಿನಿಂದ ಒಂದು ಡಬ್ಬ ತೆಗೆದು ಮೇಜಿನ ಮೇಲಿಟ್ಟ. ಒಳಗೆ ಮೂರು ಮಾಸ್ಕುಗಳಿದ್ದವು. ಮೂರಕ್ಕೂ ಅಂಥದೇ ಕಿವಿಬಟ್ಟಲು.

"ಮ್ಯಾನೇಜರು ಬೇರೆ ಡೈವರ್‌ನ ತರ್ತೀನಿ ಅಂದ್ರು. ಬೇಡ, ಅವರ ಕಿವಿ ಸರಿಹೋಗೋವರೆಗೂ ನಾನೇ ಇಳೀತೀನಿ ಅಂದೆ. ಇವು ಬರೋಕೆ ತಡ ಆಯ್ತು. ನಿಮ್ಮ ಮುಖದ ಅಳತೆ ನಂಗೆ ಗೊತ್ತಿಲ್ಲ. ಅದಕ್ಕೆ ಮೂರು ತರಿಸಿದೆ."

ಅವಳು ಒಂದು ಮಾಸ್ಕನ್ನು ಎತ್ತಿ ತಿರುಗಿಸಿ ನೋಡಿದಳು. ಇಷ್ಟು ದಿನ ಕೂಡಿಟ್ಟುಕೊಂಡಿದ್ದ ಸಿಟ್ಟು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತು.

"ಮೊದಲೇ ಹೇಳಬಾರದಿತ್ತಾ?"

"ನೀವು ಸರಿದು ನಿಲ್ಲಿ ಅಂತಿದ್ರಿ."

ಅವಳಿಗೆ ನಗು ಬಂದುಬಿಟ್ಟಿತು. ಎಷ್ಟೋ ದಿನಗಳ ಮೇಲೆ ಬಂದ ನಗು, ಮುಖಕ್ಕೇ ಅಭ್ಯಾಸ ತಪ್ಪಿತ್ತು.

"ಕೂತ್ಕೊಳ್ಳಿ," ಅಂದ. "ಪಟ್ಟಿ ಹಾಕ್ಬೇಡಿ. ಸುಮ್ನೆ ಮುಖಕ್ಕೆ ಒತ್ತಿ, ಮೂಗಿಂದ ಉಸಿರೆಳೆದುಕೊಂಡು ಕೈ ಬಿಡಿ. ಬೀಳದೆ ನಿಂತ್ರೆ ಅದು ನಿಮ್ಮದು."

ಮೊದಲನೆಯದು ದಬಕ್ಕನೆ ಮಡಿಲಿಗೆ ಬಿತ್ತು. ಎರಡನೆಯದು ನಿಂತಂತೆ ಮಾಡಿ ಕೆನ್ನೆಯ ಬಳಿ ಗಾಳಿ ಬಿಟ್ಟಿತು. ಮೂರನೆಯದು ಮುಖಕ್ಕೆ ಅಂಟಿಕೊಂಡು ಕೂತಿತು. ಅವಳು ತಲೆ ಆ ಕಡೆ ಈ ಕಡೆ ಆಡಿಸಿದರೂ ಅಲುಗಲಿಲ್ಲ.

"ಓಲೆ ತೆಗೀರಿ. ಬಟ್ಟಲಿನ ಅಂಚಿಗೆ ಒಂದು ಕೂದಲೆಳೆ ಸಿಕ್ಕಿದ್ರೂ ನೀರು ನುಗ್ಗುತ್ತೆ."

ಅವಳು ಓಲೆ ತೆಗೆದಳು, ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿದಳು. ಅವನು ಬಟ್ಟಲುಗಳನ್ನು ಅವಳ ಕಿವಿಯ ಮೇಲಿಟ್ಟು, ಅಂಚಿನ ಸುತ್ತ ಬೆರಳಾಡಿಸಿ ನೋಡಿದ. ಕೆಲಸದವನ ಬೆರಳು ಅದು, ಬೇರೆ ಯಾವ ಅರ್ಥವೂ ಇಲ್ಲದ್ದು. ಆದರೂ ಅವಳು ಉಸಿರು ಬಿಗಿಹಿಡಿದಳು.

"ಈ ಕೊಳವೆ ನೋಡಿ. ಮಾಸ್ಕಿನ ಗಾಳಿ ಇದರಲ್ಲಿ ಬಟ್ಟಲಿಗೆ ಹೋಗುತ್ತೆ. ಕಿವಿ ಒಣಗೇ ಇರುತ್ತೆ," ಅಂದ, ಒಂದು ಬಟ್ಟಲು ಸ್ವಲ್ಪ ಎತ್ತಿ. "ಆದ್ರೆ ಇದೇನು ಮಂತ್ರದ ಮಾಸ್ಕಲ್ಲ. ಒಳಗಿವಿಯ ಒತ್ತಡ ನೀವೇ ಬಿಡಿಸಿಕೊಳ್ಳಬೇಕು. ನಿಧಾನವಾಗಿ ಇಳೀಬೇಕು. ನೆಗಡಿ ಆದ್ರೆ ಇಳೀಲೇಬಾರದು."

"ನೀವ್ಯಾಕೆ ಇದನ್ನ ಹಾಕ್ಕೊಳ್ಳೋದು?"

ಅವನು ತನ್ನ ಬಲಗಿವಿ ಮುಟ್ಟಿಕೊಂಡ. "ಇದು ಹೋಗಿದೆ. ಜನ ಜಾಸ್ತಿ ಬರೋ ತಿಂಗಳು, ನೆಗಡಿ ಇತ್ತು, ದೋಣಿ ತುಂಬ ಕಲಿಯೋರು. ಇಳಿದೆ. ಅವತ್ತಿಂದ ಒಳಗೆ ಜೀರುಂಡೆ ಕೂಗ್ತಾನೇ ಇದೆ. ಆಮೇಲೆ ಸಮುದ್ರದ ಕೆಲಸ ಆಗಲಿಲ್ಲ. ಇಲ್ಲಿ ಆಳ ಕಡಿಮೆ. ಈ ಮಾಸ್ಕ್ ಇದ್ರೆ, ನಿಧಾನಕ್ಕೆ ಹೋದ್ರೆ, ಹೇಗೋ ಆಗುತ್ತೆ."

"ಹಾಗಿದ್ದೂ ನನ್ನ ಬದಲು ಇಳಿದ್ರಾ?"

"ಮೀನು ಹಸ್ಕೊಂಡಿರುತ್ತಲ್ಲ," ಅಂದ ಮೇಷ್ಟ್ರು.

*

ಡಾಕ್ಟರಮ್ಮ ಸೈ ಅಂದ ಮೇಲೆ ಪಾಠ ಶುರುವಾಯಿತು. ಬಾಗಿಲು ತೆರೆಯುವ ಮುಂಚೆ, ಬೆಳಗಿನ ಹೊತ್ತು. ತೊಟ್ಟಿಯ ನಡುವೆ ಒಂದು ಹಗ್ಗ ಇಳಿಬಿಟ್ಟು, ಇಬ್ಬರೂ ಎದುರುಬದುರಾಗಿ ಅದನ್ನು ಹಿಡಿದು, ತಲೆ ಮೇಲೆ ಕಾಲು ಕೆಳಗೆ ಮಾಡಿಕೊಂಡು ಇಳಿಯುವುದು.

ಒಂದು ಗೇಣು ಇಳಿದರೆ ಅವನು ಕೈ ಎತ್ತಿ ನಿಲ್ಲಿಸುತ್ತಿದ್ದ. ಮೂಗು ಹಿಡಿದು ಮೆಲ್ಲಗೆ ಊದು ಎಂದು ಸನ್ನೆ ಮಾಡುತ್ತಿದ್ದ. ಅವಳ ಕಿವಿ ಟಿಕ್ಕೆಂದು ತೆರೆದುಕೊಂಡರೆ ಇನ್ನೊಂದು ಗೇಣು. ತೆರೆಯದಿದ್ದರೆ ಸ್ವಲ್ಪ ಮೇಲೆ. ಅವನ ಕಣ್ಣಲ್ಲಿ ಅವಸರವೇ ಇರಲಿಲ್ಲ.

ಅಷ್ಟು ನಿಧಾನವಾಗಿ ಅವಳನ್ನು ಯಾರೂ ಯಾವತ್ತೂ ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ.

ಮೊದಲ ದಿನ ಕೂದಲು ಸಿಕ್ಕಿ ಬಟ್ಟಲಿಗೆ ನೀರು ನುಗ್ಗಿತು. ಇನ್ನೊಂದು ದಿನ ಕಿವಿ ಹಟ ಹಿಡಿಯಿತು, ಅರ್ಧಕ್ಕೇ ವಾಪಸು ಬಂದರು. ಕೊನೆಗೊಂದು ಬೆಳಿಗ್ಗೆ ಪಾದ ಮರಳಿಗೆ ತಾಗಿತು. ನೋವಿಲ್ಲ. ಕಿವಿ ಒಣಗಿದೆ. ಚುಕ್ಕೆಮೈಯ ದೊಡ್ಡ ಮೀನೊಂದು ಹಳೆಯ ಪರಿಚಯದಂತೆ ಅವಳ ಮೊಣಕೈ ಬಳಿ ಬಂದು ನಿಂತಿತು.

ಮೀನಕ್ಕ ಮಾಸ್ಕಿನೊಳಗೇ ಅತ್ತಳು.

ಮೇಲೆ ಬಂದಾಗ ಮೇಷ್ಟ್ರು ಕೇಳಿದ, "ಮಾಸ್ಕಲ್ಲಿ ನೀರಿದೆ. ಎಲ್ಲಿಂದ ಸೋರಿತು?"

"ಒಳಗಿಂದ," ಅಂದಳು.

ಅವನಿಗೆ ಅರ್ಥವಾಯಿತು. ಟವಲ್ ಚಾಚಿದ.

ಪಾಠ ಮುಗಿದ ಮೇಲೆ ಇಬ್ಬರೂ ತೊಟ್ಟಿಯಂಚಿನಲ್ಲಿ ಕೂತು ಚಹಾ ಕುಡಿಯುವುದು ರೂಢಿಯಾಯಿತು. ಬಹಳ ಮಾತೇನಿಲ್ಲ. ಅವನು ತನ್ನ ಬಾಡಿಗೆ ಕೋಣೆಯ ನಲ್ಲಿ ಸೋರುವ ವಿಷಯ ಹೇಳುತ್ತಿದ್ದ, ಅವಳು ಭಾವನ ಟಿವಿಯ ವಿಷಯ ಹೇಳುತ್ತಿದ್ದಳು. ಸುಮ್ಮನಿದ್ದರೂ ನಡೆಯುತ್ತಿತ್ತು.

ಮನೆಯಲ್ಲಿ ಅಕ್ಕ ಮೆಷಿನ್ ನಿಲ್ಲಿಸಿ ಕೇಳಿದಳು, "ಏನೇ, ಮಾತು ಮಾತಿಗೂ ಮೇಷ್ಟ್ರು ಬರ್ತಿದಾರಲ್ಲ?"

"ಕೆಲಸದ ವಿಷಯ ಕಣಕ್ಕ."

"ಹೂಂ. ಅಂಗಿಗೆ ಗುಂಡಿ ಹಾಕು ಅಂದ್ರೆ ತೋಳಿಗೆ ಹಾಕಿದೀಯ. ಅದೂ ಕೆಲಸದ ವಿಷಯನೇ?"

ಮೀನಕ್ಕ ತಲೆ ತಗ್ಗಿಸಿ ಗುಂಡಿ ಕತ್ತರಿಸಿದಳು. 'ಈ ವಯಸ್ಸಲ್ಲಿ, ಇಷ್ಟು ಸುಸ್ತಾದ ಮೇಲೆ...' ಎಂದು ತನ್ನನ್ನೇ ಗದರಿಸಿಕೊಂಡಳು. ಆದರೆ ಬೆಳಗಾಗುವುದಕ್ಕೆ ಅವಳು ಕಾಯತೊಡಗಿದ್ದು ನಿಜ.

*

ಎಡವಟ್ಟಾಗಿದ್ದು, ಅವಳು ಮತ್ತೆ ಪೂರ್ತಿ ಕೆಲಸಕ್ಕೆ ಇಳಿದ ದಿನ.

ದಿನವಿಡೀ ಜನ. ಕೊನೆಯ ಸಲ ಮೇಲೆ ಬರುವಾಗ ಅವಳ ಕೈಕಾಲು ಹಿಂಡಿದ ಬಟ್ಟೆಯಾಗಿತ್ತು. ಏಣಿ ಹತ್ತಿ ಹಲಗೆಯ ಮೇಲೆ ಕೂತು, ಮಾಸ್ಕನ್ನು ಹಣೆಗೇರಿಸಿದಳು. ಕಿವಿಬಟ್ಟಲುಗಳನ್ನು ಇನ್ನೂ ತೆಗೆದಿರಲಿಲ್ಲ. ಪಕ್ಕದಲ್ಲಿ ನೀರಿನ ಪಂಪು ಗುಯ್ಗುಡುತ್ತಿತ್ತು.

ಮೇಷ್ಟ್ರು ಬಂದು ಅವಳ ಎಡಗಡೆ ಕೂತ. ನೀರನ್ನೇ ನೋಡುತ್ತಿದ್ದ. ಮೂರು ದಿನದಿಂದ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತನ್ನು, ಅವಳ ಮುಖ ನೋಡಿದರೆ ಎಲ್ಲಿ ಮರೆತುಹೋಗುವುದೋ ಎಂಬಂತೆ, ತಗ್ಗಿದ ದನಿಯಲ್ಲಿ ಹೇಳಿದ.

"ಇನ್ನು ಮುಂದೆಯೂ ಹೀಗೇ ಜೊತೆಗೆ ಹೋಗೋಣ್ವಾ? ಕೆಲಸದಲ್ಲಿ ಮಾತ್ರ ಅಲ್ಲ... ಬದುಕಿನಲ್ಲೂ."

ಅವಳಿಗೆ ಕೇಳಿಸಿದ್ದು 'ಇನ್ನು' ಮತ್ತು 'ಹೋಗೋಣ್ವಾ' ಎರಡೇ. ಇನ್ನೊಂದು ಸಲ ನೀರಿಗೆ ಹೋಗೋಣ್ವಾ ಅನ್ನುತ್ತಿದ್ದಾನೆ ಅಂದುಕೊಂಡಳು.

"ಅಯ್ಯೋ ಬೇಡ ಮೇಷ್ಟ್ರೇ," ಅಂದಳು, ನಗುತ್ತಲೇ. "ಸಾಕಾಗಿಹೋಗಿದೆ ನಂಗೆ. ಇನ್ನು ನನ್ನ ಕೈಲಾಗಲ್ಲ."

ಅವನು ಅವಳು ಬಿಚ್ಚಿಟ್ಟ ಸಿಲಿಂಡರಿನ ಪಟ್ಟಿ ಸುತ್ತತೊಡಗಿದ.

"ಸರಿ," ಅಂದ. "ಬಲವಂತ ಏನಿಲ್ಲ."

ಎದ್ದು, ಅವಳ ಸಿಲಿಂಡರನ್ನು ಹೆಗಲಿಗೇರಿಸಿಕೊಂಡು ಹೋದ. ಅವಳು ಕಿವಿಬಟ್ಟಲು ತೆಗೆದು, ಒಣಗಿದ ಕಿವಿಯನ್ನು ಸಮಾಧಾನದಿಂದ ಮುಟ್ಟಿ ನೋಡಿಕೊಂಡಳು. ಅವಳಿಗೆ ಏನೂ ತಿಳಿಯಲಿಲ್ಲ.

ಮರುದಿನದಿಂದ ಚಹಾ ಒಂದೇ ಲೋಟ. ಅವನು ಸಾಮಾನಿನ ಕೋಣೆಯಿಂದ ಹೊರಗೆ ಬರಲೇ ಇಲ್ಲ. ಅವಳ ಮಾಸ್ಕ್ ತೊಳೆದು ಒರೆಸಿ ಮೊಳೆಗೆ ತೂಗುಹಾಕಿರುತ್ತಿತ್ತು, ಸಿಲಿಂಡರ್ ತುಂಬಿರುತ್ತಿತ್ತು. ಎದುರಾದರೆ "ಕಿವಿ ಸರಿ ಇದೆಯಾ ಮೇಡಂ?" ಅಷ್ಟೇ.

ಮೇಡಂ.

ಆ ಪದ ಅವಳನ್ನು ಕೀವಾದ ಕಿವಿಗಿಂತ ಹೆಚ್ಚು ನೋಯಿಸಿತು.

'ಕಿವಿ ಸರಿಮಾಡೋದು ಅವನ ಕೆಲಸ. ಮಾಡಿದ. ಮುಗೀತು,' ಅಂದುಕೊಂಡಳು. 'ನಾನೇ ಏನೇನೋ ಕಟ್ಟಿಕೊಂಡೆ. ದಣಿದ ಮನಸ್ಸಿಗೆ ಯಾರಾದರೂ ಒಂದು ಲೋಟ ಚಹಾ ಕೊಟ್ಟರೆ ಸಾಕು, ಅಲ್ಲೇ ಒರಗಿಬಿಡುತ್ತೆ.'

ಕೇಳಿಬಿಡೋಣ ಎಂದು ಎರಡು ಸಲ ಆ ಕೋಣೆಯ ಬಾಗಿಲವರೆಗೂ ಹೋದಳು. ಏನೆಂದು ಕೇಳುವುದು? ನನ್ನ ಜೊತೆ ಚಹಾ ಯಾಕೆ ಕುಡಿಯುತ್ತಿಲ್ಲ ಎಂದಾ? ಹಿಂತಿರುಗಿ ಬಂದಳು. ಗಾಜು ಉಜ್ಜಿದಳು. ಮೀನಿಗೆ ಆಹಾರ ಹಾಕಿದಳು. ಕೆಳಗಿನ ಆ ನಿಶ್ಶಬ್ದವೂ ಈಗ ಮೊದಲಿನಂತಿರಲಿಲ್ಲ. ಎದುರಿಗೆ ಹಗ್ಗ ಹಿಡಿದು ನಿಲ್ಲುವವರಿಲ್ಲದೆ ಅದು ಬರೀ ಖಾಲಿಯಾಗಿತ್ತು.

*

ಹವೆ ಬದಲಾಗುವ ದಿನಗಳು. ಮೀನಕ್ಕನಿಗೆ ನೆಗಡಿ ಹಿಡಿಯಿತು. ಅದೇ ದಿನ ಎರಡು ಶಾಲೆಗಳಿಂದ ಮಕ್ಕಳು ಬಂದಿದ್ದರು.

ಮ್ಯಾನೇಜರು ಮೆಟ್ಟಿಲ ಬಳಿಯೇ ಹಿಡಿದುಕೊಂಡರು. "ಬೇಗ ಬೇಗ ತಯಾರಾಗಮ್ಮ. ಮಕ್ಕಳು ಗಲಾಟೆ ಮಾಡ್ತಿದಾರೆ."

"ಇವತ್ತು ಆಗಲ್ಲ ಸರ್. ನೆಗಡಿಯಾಗಿದೆ."

"ನೆಗಡಿ ತಾನೇ? ಜ್ವರ ಏನಿಲ್ವಲ್ಲ."

ಹಳೆಯ ಮೀನಕ್ಕನಾಗಿದ್ದರೆ ಇಳಿಯುತ್ತಿದ್ದಳು. ಇಲ್ಲ ಅನ್ನುವುದಕ್ಕೂ ಶಕ್ತಿ ಬೇಕು, ಅದಕ್ಕಿಂತ ಇಳಿಯುವುದೇ ಸುಲಭ. ಆದರೆ ಆ ಹೊತ್ತಿಗೆ ಅವಳ ನೆನಪಿಗೆ ಬಂದದ್ದು ತನ್ನ ಕಿವಿಯಲ್ಲ. ಒಬ್ಬ ಮನುಷ್ಯನ ಬಲಗಿವಿಯೊಳಗೆ ಹಗಲೂ ರಾತ್ರಿ ಕೂಗುವ ಜೀರುಂಡೆ.

"ಇಲ್ಲ ಸರ್. ಇಳಿಯಲ್ಲ. ಗಾಜಿನ ಈಚೆ ನಿಂತು ಮಕ್ಕಳಿಗೆ ಮೀನಿನ ಕಥೆ ಹೇಳ್ತೀನಿ ಬೇಕಾದ್ರೆ."

ಮ್ಯಾನೇಜರು ಹಣೆ ಚಚ್ಚಿಕೊಂಡರು. "ಆ ಮೇಷ್ಟ್ರು ನೋಡಿದ್ರೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ, ಈ ವಾರದ ಕೊನೇಲಿ ಬಿಟ್ಟು ಹೋಗ್ತೀನಿ ಅಂತಾರೆ. ನೀನು ನೋಡಿದ್ರೆ ಹೀಗಂತೀಯ. ನಾನೇ ಇಳೀಲಾ ಪಂಚೆ ಕಟ್ಕೊಂಡು?"

ಮೀನಕ್ಕನಿಗೆ ಆಮೇಲಿನ ಮಾತು ಕೇಳಿಸಲಿಲ್ಲ.

ಮಕ್ಕಳಿಗೆ ಅವಳು ಏನು ಕಥೆ ಹೇಳಿದಳೋ ಅವಳಿಗೇ ಗೊತ್ತಿಲ್ಲ. ಅದು ಮುಗಿದದ್ದೇ ಸಾಮಾನಿನ ಕೋಣೆಗೆ ಹೋದಳು.

ಮೇಷ್ಟ್ರು ಒಂದು ಚೀಲಕ್ಕೆ ಬಟ್ಟೆ ತುಂಬುತ್ತಿದ್ದ.

"ಹೇಳದೆ ಹೋಗೋರಾ ನೀವು?"

ಅವನು ತಲೆಯೆತ್ತಿದ. "ಹೊಸಬರಿಗೆ ಎಲ್ಲ ಹೇಳಿಕೊಟ್ಟು ಹೋಗ್ತೀನಿ. ನಿಮ್ಮ ಮಾಸ್ಕಿನ ಬಟ್ಟಲು ಸವೆದ್ರೆ ಬದಲಿಸೋಕೆ ತೋರಿಸ್ತೀನಿ. ನಿಮಗೇನೂ ತೊಂದರೆ ಆಗಲ್ಲ."

"ನಾನು ಬಟ್ಟಲಿನ ವಿಷಯ ಕೇಳಿದ್ನಾ?" ನೆಗಡಿಗೆ ಕಟ್ಟಿದ ದನಿ ಇನ್ನಷ್ಟು ಒಡೆಯಿತು. "ನಾನೇನು ತಪ್ಪು ಮಾಡ್ದೆ? ಒಂದು ದಿನ ಇದ್ದಕ್ಕಿದ್ದ ಹಾಗೆ ಮಾತು ಬಿಟ್ರಿ. ಮೇಡಂ ಅಂದ್ರಿ. ಈಗ ಊರೇ ಬಿಡ್ತಿದೀರಿ. ಏನಾಯ್ತು ಅಂತ ಹೇಳಿ ಹೋಗಿ. ನಂಗೆ ಊಹಿಸಿ ಊಹಿಸಿ ಸುಸ್ತಾಗಿದೆ."

"ತಪ್ಪು ನಿಮ್ಮದಲ್ಲ," ಅಂದ ಅವನು, ಮಡಿಸಿದ ಅಂಗಿಯನ್ನೇ ಮತ್ತೆ ಮಡಿಸುತ್ತ. "ನಾನು ಕೇಳಿದೆ. ನೀವು ನೇರವಾಗಿ ಹೇಳಿದ್ರಿ. ಆಮೇಲೂ ದಿನಾ ಎದುರಿಗಿದ್ರೆ ನಿಮಗೂ ಕಷ್ಟ, ನಂಗೂ ಕಷ್ಟ."

"ಏನು ಕೇಳಿದ್ರಿ?"

ಅವನು ಅಂಗಿಯ ಕಾಲರು ನೀವಿದ.

"ಏನು ಕೇಳಿದ್ರಿ ಮೇಷ್ಟ್ರೇ? ಯಾವಾಗ?"

"ಅವತ್ತು. ನೀವು ಮೊದಲ ದಿನ ಪೂರ್ತಿ ಕೆಲಸ ಮುಗಿಸಿ ಮೇಲೆ ಬಂದಾಗ. ಬದುಕಿನಲ್ಲೂ ಜೊತೆಗೆ ಹೋಗೋಣ್ವಾ ಅಂತ ಕೇಳಿದೆ. ಸಾಕಾಗಿಹೋಗಿದೆ, ಕೈಲಾಗಲ್ಲ ಅಂದ್ರಿ. ನಕ್ಕುಕೊಂಡೇ ಅಂದ್ರಿ."

ಮೀನಕ್ಕ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ದೇವರೇ... ನೀವು ಇನ್ನೊಂದು ಸಲ ನೀರಿಗೆ ಹೋಗೋಣ್ವಾ ಅಂತ ಕೇಳಿದ್ರಿ ಅಂದ್ಕೊಂಡೆ ನಾನು."

ಅಂಗಿ ಮಡಿಸುತ್ತಿದ್ದ ಅವನ ಕೈ ನಿಂತಿತು.

"ಕಿವಿ ಮೇಲೆ ಬಟ್ಟಲಿತ್ತು," ಅಂದಳು. "ಪಂಪು ಬೇರೆ ಓಡ್ತಿತ್ತು. ನೀವು ಆ ಕಡೆ ನೋಡ್ಕೊಂಡು ಗೊಣಗಿದ್ರಿ. ಅಂಥಾ ಮಾತನ್ನ ಯಾರಾದ್ರೂ ಕಿವಿ ಮುಚ್ಚಿಸಿ ಕೇಳ್ತಾರಾ?"

"ಬಟ್ಟಲು ಇದ್ದದ್ದು ನೋಡಲಿಲ್ಲ. ನಿಮ್ಮ ಕಡೆ ನೋಡಿದ್ರೆ ಮಾತೇ ಬರ್ತಿರಲಿಲ್ಲ."

ಗೋಡೆಯಾಚೆ ಪಂಪಿನ ಸದ್ದು. ಒದ್ದೆ ಸೂಟುಗಳಿಂದ ಹನಿ ಬೀಳುವ ಸದ್ದು. ಎಷ್ಟೊಂದು ದಿನ, ಒಂದು ಗೋಡೆಯ ಆಚೆ ಈಚೆ, ಇಬ್ಬರೂ ಸುಮ್ಮಸುಮ್ಮನೆ ಸವೆದಿದ್ದರು.

"ಈಗ ಕೇಳಿ," ಅಂದಳು ಅವಳು.

ಅವನು ತಲೆಯಾಡಿಸಿದ. "ಆ ಧೈರ್ಯ ಒಂದೇ ಸಲಕ್ಕೆ ಇದ್ದದ್ದು."

"ಹಾಗಾದ್ರೆ ನಾನೇ ಕೇಳ್ತೀನಿ. ಆದ್ರೆ ಮೊದಲೇ ಹೇಳ್ತೀನಿ, ನಾನು ತುಂಬ ಸುಸ್ತಾಗಿರೋ ಹೆಂಗಸು. ಹಬ್ಬದ ಥರ ನಗ್ತಾ ಓಡಾಡೋದು ನನ್ನ ಕೈಲಾಗಲ್ಲ. ಸಂಜೆ ಮನೆಗೆ ಬಂದ್ರೆ ಗೋಡೆ ನೋಡ್ಕೊಂಡು ಕೂರಬೇಕು ಅನ್ಸುತ್ತೆ. ಮಾತು ಬೇಡ ಅನ್ಸುತ್ತೆ. ಅಂಥವಳ ಜೊತೆ ಇರೋಕಾಗುತ್ತಾ?"

ಅವನು ಬಂದು ಅವಳ ಬಲಗಡೆ, ತನ್ನ ಒಳ್ಳೆಯ ಕಿವಿ ಅವಳ ಕಡೆಗಿರುವಂತೆ, ಒಂದು ಸಿಲಿಂಡರ್ ಪೆಟ್ಟಿಗೆಯ ಮೇಲೆ ಕೂತ.

"ನಂಗೂ ಸುಸ್ತಾಗಿದೆ," ಅಂದ. "ಗೋಡೆ ಇಬ್ಬರೂ ನೋಡಬಹುದು. ದೊಡ್ಡದಾಗೇ ಇರುತ್ತೆ."

ಅವಳು ನಗಲು ಹೋಗಿ ಸೀನಿದಳು. ಅವನು ಕರವಸ್ತ್ರ ಕೊಟ್ಟ. ಅದರಲ್ಲೇ ಅವಳು ಕಣ್ಣೂ ಒರೆಸಿಕೊಂಡಳು.

"ಆ ಹೊಸ ಕೆಲಸದೋರಿಗೆ ಬರ್ತೀನಿ ಅಂತ ಮಾತು ಕೊಟ್ಟಿದೀರಲ್ಲ?"

"ಫೋನ್ ಮಾಡಿ ಬೈಸಿಕೊಳ್ತೀನಿ."

"ಅಕ್ಕನೂ ನಿಮ್ಮನ್ನ ಬೈತಾಳೆ. ಒಂದು ತಿಂಗಳಿಂದ ನಾನು ಅಂಗಿಗಳಿಗೆಲ್ಲ ಗುಂಡಿ ಅಡ್ಡಾದಿಡ್ಡಿ ಹಾಕಿದೀನಿ."

"ಅದನ್ನೂ ಬೈಸಿಕೊಳ್ತೀನಿ," ಅಂದ ಮೇಷ್ಟ್ರು. ಮೊದಲ ಸಲ ಅವನ ಮುಖದ ತುಂಬ ನಗು ಹರಡಿತು. ಸುಟ್ಟ ಚರ್ಮದ ನಡುವೆ ಅದು ಬಹಳ ಚಂದ ಕಂಡಿತು ಅವಳಿಗೆ.

ಸಂಜೆ ಕೆಲಸ ಬಿಟ್ಟ ಮೇಲೆ ಇಬ್ಬರೂ ಒಟ್ಟಿಗೇ ಬಸ್ಸು ಹತ್ತಿದರು, ಅಕ್ಕನ ಮನೆಗೆ. ಹಿಂದಿನ ಸೀಟು ಖಾಲಿ ಇತ್ತು. ಹೊರಗೆ ಅಂಗಡಿಗಳ ದೀಪ ಒಂದೊಂದಾಗಿ ಹತ್ತಿಕೊಳ್ಳುತ್ತಿತ್ತು. ಎರಡು ನಿಲ್ದಾಣ ಕಳೆಯುವಷ್ಟರಲ್ಲಿ ಮೀನಕ್ಕನ ತಲೆ ಅವನ ಹೆಗಲಿಗೆ ವಾಲಿತು. ಯಾರು ನೋಡಿದರೇನು ಎಂದು ಯೋಚಿಸಲೂ ಅವಳಿಗೆ ತ್ರಾಣವಿರಲಿಲ್ಲ. ಅಲ್ಲಿ ಒರಗುವುದು ಅಷ್ಟು ಸುಲಭವಾಗಿತ್ತು.

"ನಮ್ಮ ಸ್ಟಾಪ್ ಬಂದಾಗ ಎಬ್ಬಿಸ್ತೀರಾ?" ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಎಬ್ಬಿಸ್ತೀನಿ."

ಬಸ್ಸು ಒಂದು ತಿರುವು ದಾಟಿತು.

"ನಿಮಗೂ ನಿದ್ದೆ ಬಂದ್ರೆ?"

ಅವನು ತನ್ನ ತಲೆಯನ್ನು ಮೆಲ್ಲಗೆ ಅವಳ ತಲೆಗೆ ಆನಿಸಿದ.

"ಕೊನೇ ಸ್ಟಾಪಲ್ಲಿ ಕಂಡಕ್ಟರು ಎಬ್ಬಿಸ್ತಾರೆ. ನಿದ್ದೆ ಮಾಡು."